ಅಟೋಮನ್ ಸಾಮ್ರಾಜ್ಯ ಶರಿಯತ್ತಿನ ರಾಜ್ಯವಾಗಿತ್ತೇ? ಸುಲ್ತಾನ, ಖಾಜಿ ಮತ್ತು ನಾನಾ ಮತದ ಪ್ರಜೆಗಳು

ಇತಿಹಾಸದ ಮೇಡಂ, ಚಿತ್ರದುರ್ಗ

ನಮ್ಮ ಹತ್ತನೇ ತರಗತಿಯ ಪುಸ್ತಕದಲ್ಲಿ ಅಟೋಮನ್ ಟರ್ಕರ ಕಥೆ ಎರಡು ಮೂರು ಸಾಲಿಗೆ ಮುಗಿದುಹೋಗುತ್ತದೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾಂಬುಲ್) ಗೆದ್ದರು, ಯುರೋಪಿನವರಿಗೆ ವ್ಯಾಪಾರದ ದಾರಿ ಕಷ್ಟವಾಯಿತು, ಅವರು ಹಡಗು ಹತ್ತಿದರು. ಅಲ್ಲಿಂದಾಚೆಗೆ 1922ರವರೆಗೂ ಬದುಕಿದ್ದ ಆ ಸಾಮ್ರಾಜ್ಯ ಏನು ಮಾಡಿತು ಎಂದು ಕೇಳುವವರಿಲ್ಲ. ಈ ಸಲ ಪಿಯುಸಿ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಅದು ಇಸ್ಲಾಮಿನ ಕಾನೂನಿನಂತೆ ನಡೆದ ರಾಜ್ಯವೋ, ಸುಲ್ತಾನನಿಗೆ ಬೇಕಾದಂತೆ ನಡೆದ ರಾಜ್ಯವೋ?" ತರಗತಿಯಲ್ಲಿ ಹೇಳಿದ ಉತ್ತರ ನನಗೇ ಸಾಲದೆನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಎರಡೂ ಹೌದು ಎಂದುಬಿಟ್ಟರೆ ಜಾರಿಕೊಂಡಂತಾಗುತ್ತದೆ. ನನಗೆ ಕಾಣುವುದು ಹೀಗೆ. ಇಸ್ಲಾಂ ಅಲ್ಲಿ ದಿನದಿನದ ಆಜ್ಞೆ ಹೊರಡಿಸುವ ಯಜಮಾನನಾಗಿರಲಿಲ್ಲ. ಆದರೆ ಯಾರೇ ಏನೇ ಮಾಡಬೇಕಾದರೂ ಅದು ಶರಿಯತ್ತಿಗೆ, ಅಂದರೆ ಇಸ್ಲಾಮಿನ ಧರ್ಮಕಾನೂನಿಗೆ, ಒಪ್ಪುತ್ತದೆ ಎಂದು ತೋರಿಸಲೇಬೇಕಿತ್ತು. ಸುಲ್ತಾನನಿಗೂ ಇದರಿಂದ ವಿನಾಯಿತಿ ಇರಲಿಲ್ಲ. ಕೆಲವೊಮ್ಮೆ ಆ ಅಗತ್ಯ ಅವನ ಕೈ ಹಿಡಿದು ನಿಲ್ಲಿಸಿತು, ಕೆಲವೊಮ್ಮೆ ಅವನು ಹೇಗೋ ದಾಟಿಕೊಂಡು ಹೋದ.

ದಾಟಿಕೊಂಡು ಹೋದದ್ದಕ್ಕೆ ದೊಡ್ಡ ಉದಾಹರಣೆ ದೆವ್ಶಿರ್ಮೆ. ಬಾಲ್ಕನ್ ಹಳ್ಳಿಗಳ ಕ್ರೈಸ್ತ ಮನೆಗಳಿಂದ ಗಂಡುಹುಡುಗರನ್ನು ಆರಿಸಿ ಒಯ್ದು, ಮುಸ್ಲಿಮರನ್ನಾಗಿ ಮಾಡಿ, ತರಬೇತಿ ಕೊಟ್ಟು ಜಾನಿಸರಿ ಸೈನಿಕರನ್ನಾಗಿಯೋ ಅರಮನೆಯ ಅಧಿಕಾರಿಗಳನ್ನಾಗಿಯೋ ಮಾಡುವ ಪದ್ಧತಿ. ಆ ಹುಡುಗರು ಕಾನೂನಿನ ಲೆಕ್ಕದಲ್ಲಿ ಸುಲ್ತಾನನ ಗುಲಾಮರು. ಶರಿಯತ್ತಿನ ಪ್ರಕಾರವಾದರೆ ಜಿಜಿಯಾ ಎಂಬ ತಲೆಗಂದಾಯ ಕೊಟ್ಟು ರಾಜ್ಯದ ರಕ್ಷಣೆಯಲ್ಲಿರುವ ಕ್ರೈಸ್ತ ಅಥವಾ ಯಹೂದಿ ಪ್ರಜೆಯನ್ನು, ಅಂದರೆ ಜಿಮ್ಮಿಯನ್ನು, ಗುಲಾಮನನ್ನಾಗಿ ಮಾಡುವಂತಿಲ್ಲ. ಯುದ್ಧದಲ್ಲಿ ಸೆರೆಸಿಕ್ಕವರಲ್ಲಿ ಐದರಲ್ಲೊಂದು ಪಾಲು ರಾಜ್ಯಕ್ಕೆ ಎಂಬ ನಿಯಮವಿತ್ತು, ನಿಜ. ತೆರಿಗೆ ಕಟ್ಟಿಕೊಂಡು ತನ್ನ ಹೊಲದಲ್ಲಿ ಉಳುತ್ತಿದ್ದ ರೈತನ ಮಗ ಆ ಲೆಕ್ಕಕ್ಕೆ ಬರುವುದಿಲ್ಲ. ಉಲೇಮಾ ಪಂಡಿತರಿಗೆ ಇದು ತಿಳಿಯದ ವಿಷಯವೇನಲ್ಲ. ಆದರೂ ಸುಮಾರು ಮುನ್ನೂರು ವರ್ಷ ಅದು ನಡೆಯಿತು.

ಇನ್ನೊಂದು, ಎರಡನೇ ಮೆಹ್ಮೆದನ ಹೆಸರಿನ ಕಾನೂನುಗ್ರಂಥದ ಕಲಮು: ಪಟ್ಟಕ್ಕೆ ಬಂದವನು ಲೋಕದ ವ್ಯವಸ್ಥೆಗಾಗಿ ಸೋದರರನ್ನು ಕೊಲ್ಲಬಹುದು. ಉಲೇಮಾಗಳಲ್ಲಿ ಹೆಚ್ಚಿನವರು ಇದಕ್ಕೆ ಒಪ್ಪಿದ್ದಾರೆ ಎಂಬ ಮಾತೂ ಅದೇ ಕಲಮಿನಲ್ಲಿದೆ. 1595ರಲ್ಲಿ ಮೂರನೇ ಮೆಹ್ಮೆದ್ ಪಟ್ಟವೇರಿದಾಗ 19 ಮಂದಿ ಸೋದರರನ್ನು ಕೊಲ್ಲಿಸಿದ. ಸಂಪೂರ್ಣ ಅಧಿಕಾರವಿದ್ದ ಅರಸನಿಗೆ ಉಲೇಮಾಗಳ ಒಪ್ಪಿಗೆ ಉಂಟೆಂದು ಬರೆಸಿಕೊಳ್ಳುವ ಅಗತ್ಯ ಏಕೆ ಬಿತ್ತು? ನನ್ನನ್ನು ಕಾಡುವುದು ಆ ಸಾಲು.

ಕೈ ಕಟ್ಟಿದ್ದಕ್ಕೂ ಉದಾಹರಣೆಗಳಿವೆ. 1648ರಲ್ಲಿ ಇಬ್ರಾಹಿಮನನ್ನು ಪಟ್ಟದಿಂದ ಇಳಿಸಿದ್ದು ಶೇಖುಲ್ ಇಸ್ಲಾಮನ, ಅಂದರೆ ಸಾಮ್ರಾಜ್ಯದ ಮುಖ್ಯ ಧರ್ಮಪಂಡಿತನ, ಫತ್ವಾ ಎಂಬ ಲಿಖಿತ ತೀರ್ಪಿನಿಂದ. 1807ರಲ್ಲಿ ಮೂರನೇ ಸೆಲೀಮ್, 1876ರಲ್ಲಿ ಅಬ್ದುಲ್ ಅಜೀಜ್, 1909ರಲ್ಲಿ ಎರಡನೇ ಅಬ್ದುಲ್ ಹಮೀದ್, ಇವರೆಲ್ಲರೂ ಇಳಿದದ್ದು ಹಾಗೆಯೇ. ಕತ್ತಿ ಹಿಡಿದು ಬಂದವರು ಸೈನಿಕರೇ ಇರಬಹುದು. ಕಾಗದವಿಲ್ಲದೆ ಅವರೂ ಮುಂದೆ ಹೆಜ್ಜೆ ಇಡಲಿಲ್ಲ.

ನೀವೆಲ್ಲ ಏನೆನ್ನುತ್ತೀರಿ?

ಕರಾವಳಿ ಓದುಗ

ಮೇಡಂ, ಬರಹ ಚೆನ್ನಾಗಿದೆ. ಆದರೆ ನೀವು ಅರಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೀರಿ. ನಾನು ಹಳ್ಳಿಯ ತಾಯಿಯ ಕಡೆಯಿಂದ ಕೇಳುತ್ತೇನೆ. ಸುಮಾರು 40 ಮನೆಗೆ ಒಬ್ಬ ಹುಡುಗ ಎಂಬ ಲೆಕ್ಕದಲ್ಲಿ ಮಕ್ಕಳನ್ನು ಒಯ್ದರಲ್ಲ, ಅದನ್ನು ಶರಿಯತ್ತಿನ ಉಲ್ಲಂಘನೆ ಎಂದೋ ಕಾನೂನಿನ ತೊಡಕೆಂದೋ ಕರೆದರೆ ಆ ತಾಯಿಗೆ ಏನು ಸಿಕ್ಕಿತು? ಮಗನನ್ನು ತಪ್ಪಿಸಲು ಎಳೆಯ ವಯಸ್ಸಿನಲ್ಲೇ ಮದುವೆ ಮಾಡಿಸಿದವರಿದ್ದಾರೆ, ಊರು ಬಿಟ್ಟವರಿದ್ದಾರೆ.

"ಅಟೋಮನ್ ಸಹಿಷ್ಣುತೆ" ಎಂಬ ಮಾತು ಈಗ ಎಲ್ಲ ಕಡೆ ಕೇಳುತ್ತೇವೆ. ಸಹಿಸುವುದು ಬೇರೆ, ಸಮಾನ ಎಂದು ಒಪ್ಪುವುದು ಬೇರೆ. ಕ್ರೈಸ್ತನೂ ಯಹೂದಿಯೂ ಪ್ರತ್ಯೇಕ ತಲೆಗಂದಾಯ ಕೊಡಬೇಕಿತ್ತು. ಮುಸ್ಲಿಮನ ವಿರುದ್ಧ ಅವರ ಸಾಕ್ಷ್ಯ ಖಾಜಿಯ, ಅಂದರೆ ಶರಿಯತ್ತಿನ ನ್ಯಾಯಾಧೀಶನ, ಮುಂದೆ ನಡೆಯುತ್ತಿರಲಿಲ್ಲ. ಹೊಸ ಚರ್ಚು ಕಟ್ಟುವಂತಿಲ್ಲ, ಹಳೆಯದನ್ನು ದುರಸ್ತಿ ಮಾಡಲೂ ಅಪ್ಪಣೆ ಬೇಕು. ಯಾವ ಬಣ್ಣದ ಬಟ್ಟೆ, ಯಾವ ಬಗೆಯ ಚಪ್ಪಲಿ ಎಂಬುದಕ್ಕೂ ಕಾಲಕಾಲಕ್ಕೆ ಆಜ್ಞೆಗಳು ಹೊರಡುತ್ತಿದ್ದವು. ಇಸ್ಲಾಮಿನಿಂದ ಬೇರೆ ಮತದ ಕಡೆಗೆ ದಾರಿಯೇ ಇರಲಿಲ್ಲ, ಮತ ಬಿಟ್ಟ ಮುಸ್ಲಿಮನಿಗೆ ಮರಣದಂಡನೆ. 1843ರಷ್ಟು ಈಚೆಗೆ ಇಸ್ತಾಂಬುಲಿನಲ್ಲಿ ಒಬ್ಬ ಅರ್ಮೇನಿಯನ್ ತರುಣನ ತಲೆ ಕಡಿದದ್ದು ಇದೇ ಕಾರಣಕ್ಕೆ. ಅವನು ಹಿಂದೊಮ್ಮೆ ಇಸ್ಲಾಂ ಸ್ವೀಕರಿಸಿ ಮತ್ತೆ ಕ್ರೈಸ್ತನಾಗಿದ್ದ. ಯುರೋಪಿನ ರಾಯಭಾರಿಗಳು ಒತ್ತಡ ತಂದ ಮೇಲೆ, 1844ರಲ್ಲಿ, ಇನ್ನು ಹೀಗೆ ಮಾಡುವುದಿಲ್ಲ ಎಂದು ಸುಲ್ತಾನ ಮಾತುಕೊಟ್ಟ.

ಇದನ್ನೆಲ್ಲ ಪಕ್ಕಕ್ಕಿಟ್ಟು ಆ ಕಾಲವನ್ನು ಹೊಗಳುವುದು ನನಗೆ ಸಾಧ್ಯವಿಲ್ಲ.

ಇತಿಹಾಸದ ಮೇಡಂ, ಚಿತ್ರದುರ್ಗ

ಹೊಗಳಿಕೆ ನನ್ನ ಉದ್ದೇಶವಲ್ಲ ಸರ್. ನೀವು ಬರೆದ ಒಂದೊಂದೂ ನಿಜ. ಒಂದು ಮಾತು ಮಾತ್ರ ಸೇರಿಸುತ್ತೇನೆ: 1492ರಲ್ಲಿ ಸ್ಪೇನ್ ತನ್ನ ಯಹೂದಿಗಳನ್ನೆಲ್ಲ ಹೊರಗಟ್ಟಿದಾಗ ಎರಡನೇ ಬಾಯಜೀದ್ ಅವರನ್ನು ಒಳಗೆ ಬಿಟ್ಟುಕೊಂಡ. ಸಲೋನಿಕಾ ಯಹೂದಿಗಳ ದೊಡ್ಡ ಪಟ್ಟಣವಾಯಿತು, 1912ರಲ್ಲಿ ಗ್ರೀಸಿನ ಕೈಸೇರುವವರೆಗೂ ಹಾಗೆಯೇ ಇತ್ತು. ಬಂದವರಿಗೆ ಸಮಾನತೆ ಸಿಗಲಿಲ್ಲ, ನೆಲೆ ಸಿಕ್ಕಿತು. ಅಂದಿನ ಯುರೋಪಿನ ಹೆಚ್ಚಿನ ಅರಸರು ನೆಲೆಯನ್ನೂ ಕೊಡುತ್ತಿರಲಿಲ್ಲ.

ಕಪ್ಪು ಕೋಟು

ನಾನು ಸಿವಿಲ್ ಕಡೆ ವಕಾಲತ್ತು ಮಾಡುವವನು, ಹಾಗಾಗಿ ನನ್ನ ಕಣ್ಣು ಹೋಗುವುದು ಕೋರ್ಟಿನ ಕಡತದ ಮೇಲೆ. ಕರಾವಳಿಯವರು ಸಾಕ್ಷ್ಯದ ಮಾತು ಎತ್ತಿದ್ದು ಒಳ್ಳೆಯದಾಯಿತು, ಆ ನಿಯಮದ ಜೊತೆ ಜನ ಹೇಗೆ ಬಾಳಿದರು ಎಂಬುದು ಖಾಜಿ ದಫ್ತರುಗಳಲ್ಲಿ ಕಾಣುತ್ತದೆ. ಬುರ್ಸಾ, ಕೈಸೇರಿ, ಅಲೆಪ್ಪೊ, ಜೆರುಸಲೇಮ್, ಸಾರಾಯೆವೊ, ಎಲ್ಲ ಕಡೆಯ ದಾಖಲೆಗಳು ರಾಶಿರಾಶಿಯಾಗಿ ಉಳಿದಿವೆ.

ನಾಳೆ ಮುಸ್ಲಿಮ್ ನೆರೆಯವನು ತಕರಾರು ಎತ್ತಿದರೆ ತನ್ನ ಕಡೆಯ ಕ್ರೈಸ್ತ ಸಾಕ್ಷಿಗಳು ನಿಲ್ಲುವುದಿಲ್ಲ ಎಂದು ತಿಳಿದಿದ್ದ ಕ್ರೈಸ್ತ ಏನು ಮಾಡುತ್ತಿದ್ದ? ಮನೆ ಕೊಂಡ ದಿನವೇ ಖಾಜಿಯ ಮುಂದೆ ಹೋಗಿ, ಮುಸ್ಲಿಮ್ ಸಾಕ್ಷಿಗಳನ್ನು ನಿಲ್ಲಿಸಿ, ಕ್ರಯ ಬರೆಸಿಕೊಳ್ಳುತ್ತಿದ್ದ. ಆದ್ದರಿಂದಲೇ ಆ ದಫ್ತರುಗಳ ತುಂಬ ಕ್ರೈಸ್ತರ, ಯಹೂದಿಗಳ ಹೆಸರುಗಳು. ಅಡ್ಡಿಯೇ ಅವರನ್ನು ಕೋರ್ಟಿಗೆ ತಂದಿತು. ಇದರಲ್ಲಿ ನ್ಯಾಯವಿದೆ ಎನ್ನುತ್ತಿಲ್ಲ, ಕೆಳಗೆ ನಿಲ್ಲಿಸಿದ ಕಾನೂನಿನೊಳಗೂ ಜನ ತಮ್ಮ ಕೆಲಸ ಮಾಡಿಸಿಕೊಳ್ಳುವ ದಾರಿ ಹುಡುಕಿದರು ಎನ್ನುತ್ತಿದ್ದೇನೆ.

ಹೆಂಗಸರ ಪ್ರಕರಣಗಳು ಇನ್ನೂ ಸ್ವಾರಸ್ಯ. ಶರಿಯತ್ತಿನಲ್ಲಿ ಮಗಳಿಗೆ ಮಗನ ಅರ್ಧ ಪಾಲು, ಆದರೆ ಪಾಲು ಖಚಿತ. ಮಕ್ಕಳಿದ್ದರೆ ವಿಧವೆಗೆ ಎಂಟರಲ್ಲೊಂದು, ಇಲ್ಲದಿದ್ದರೆ ನಾಲ್ಕರಲ್ಲೊಂದು. ಚರ್ಚಿನ ಪಂಚಾಯಿತಿಯಲ್ಲಿ ಅಣ್ಣಂದಿರು ತನ್ನನ್ನು ಬರಿಗೈಯಲ್ಲಿ ಕಳಿಸುತ್ತಾರೆ ಎಂದು ಕಂಡ ಕ್ರೈಸ್ತ ಹೆಣ್ಣುಮಗಳು ನೇರ ಖಾಜಿಯ ಹತ್ತಿರ ಹೋಗುತ್ತಿದ್ದಳು. ಚರ್ಚು ಬಿಡಿಸದ ಮದುವೆಯನ್ನು ಬಿಡಿಸಿಕೊಳ್ಳಲೂ ಜನ ಅಲ್ಲಿಗೇ ಹೋದರು. ಪಾದ್ರಿಗಳೂ ರಬ್ಬಿಗಳೂ ಇದಕ್ಕೆ ಸಿಟ್ಟಾಗಿ, ಖಾಜಿಯ ಬಳಿ ಹೋದವರಿಗೆ ಬಹಿಷ್ಕಾರ ಎಂದು ಬೆದರಿಸುತ್ತಿದ್ದರು. ಪದೇಪದೇ ಬೆದರಿಸಬೇಕಾಯಿತು ಎಂದರೆ ಹೋಗುವವರು ನಿಂತಿರಲಿಲ್ಲ ಎಂದೇ ಅರ್ಥ.

ಇನ್ನು ಶರಿಯತ್ತನ್ನು ದಾಟಿಕೊಂಡು ಹೋದದ್ದಕ್ಕೆ ನನ್ನ ಮೆಚ್ಚಿನ ಪ್ರಕರಣ ನಗದು ವಕ್ಫ್. ವಕ್ಫ್ ಎಂದರೆ ಹೊಲ, ಅಂಗಡಿ, ಸ್ನಾನಗೃಹದಂಥ ಸ್ಥಿರ ಆಸ್ತಿಯನ್ನು ದೇವರ ಹೆಸರಿಗೆ ಬಿಟ್ಟು ಅದರ ಆದಾಯದಿಂದ ಮದರಸಾ, ಆಸ್ಪತ್ರೆ, ಅನ್ನಛತ್ರ ನಡೆಸುವುದು. ಸುಲ್ತಾನ ಸುಲೇಮಾನನ ಹೆಂಡತಿ ಹುರ್ರೆಮ್ 1552ರಲ್ಲಿ ಜೆರುಸಲೇಮಿನಲ್ಲಿ ಕಟ್ಟಿಸಿದ ಛತ್ರದಲ್ಲಿ ದಿನಕ್ಕೆ ಸುಮಾರು 400 ಬಡವರಿಗೆ ಗಂಜಿ ಮತ್ತು ರೊಟ್ಟಿ. ಅದಕ್ಕೆ ಪ್ಯಾಲೆಸ್ಟೀನಿನ ಹಳ್ಳಿಗಳ ಕಂದಾಯ ಬಿಟ್ಟಿದ್ದರು. ಇಸ್ತಾಂಬುಲಿನ ಜನ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಣವನ್ನೇ ವಕ್ಫ್ ಮಾಡಿದರು, ಆ ಹಣವನ್ನು ಸಾಲ ಕೊಟ್ಟು ಬಂದ ಲಾಭದಿಂದ ಮಸೀದಿಯ ಇಮಾಮನಿಗೆ ಸಂಬಳ ಕೊಟ್ಟರು. ಲಾಭ ಎನ್ನಿ, ಬಡ್ಡಿ ಎನ್ನಿ, ನೂರಕ್ಕೆ ಹತ್ತರ ಆಸುಪಾಸು. ಬಡ್ಡಿ ನಿಷಿದ್ಧವಾದ ಮತದಲ್ಲಿ ಮಸೀದಿಯೇ ಬಡ್ಡಿಯಿಂದ ನಡೆಯುವುದೇ?

ಚಿವಿಜಾದೆ ಎಂಬ ದೊಡ್ಡ ಪಂಡಿತ ಇದು ಕೂಡದು ಎಂದು ತಡೆ ಹಾಕಿಸಿದ. ಶೇಖುಲ್ ಇಸ್ಲಾಂ ಎಬುಸ್ಸೂದ್ ಎದುರು ನಿಂತ. ಅವನ ವಾದದ ತಿರುಳು ಸರಳ: ಇದು ಬಹುಕಾಲದಿಂದ ನಡೆದುಬಂದಿದೆ, ಇಷ್ಟು ಮಸೀದಿ, ಶಾಲೆ, ಬಡವರ ಅನ್ನ ಇದರ ಮೇಲೆ ನಿಂತಿದೆ, ಕಿತ್ತರೆ ಜನಕ್ಕೆ ಹಾನಿ. 1548ರಲ್ಲಿ ಸುಲೇಮಾನ್ ಎಬುಸ್ಸೂದನ ಪರ ತೀರ್ಮಾನಿಸಿದ. ಬಿರ್ಗಿವಿ ಎಂಬ ಊರಕಡೆಯ ವಿದ್ವಾಂಸ 1573ರಲ್ಲಿ ಸಾಯುವವರೆಗೂ ಇದನ್ನು ಒಪ್ಪದೆ ಬರೆಯುತ್ತಲೇ ಇದ್ದ. ಮೇಡಂ ಹೇಳಿದ್ದು ಇಲ್ಲಿ ನೂರಕ್ಕೆ ನೂರು ಸರಿ. ಮೂವರೂ ಜಗಳವಾಡಿದ್ದು ಶರಿಯತ್ತಿನೊಳಗೆ ನಿಂತುಕೊಂಡೇ.

ಹೊಸ ಓದುಗಿ

ಒಂದು ಪ್ರಶ್ನೆ. ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸಿನಲ್ಲಿ "ಮಿಲ್ಲೆತ್ ಪದ್ಧತಿ" ಎಂದು ಬರುತ್ತದೆ, ಪ್ರತಿ ಮತಕ್ಕೂ ತನ್ನದೇ ಮುಖ್ಯಸ್ಥ, ತನ್ನದೇ ಕಾನೂನು, 1454ರಿಂದ ಹೀಗೇ ಇತ್ತು ಎಂದು. ಅದೂ ವಕೀಲ್ ಸರ್ ಹೇಳಿದ್ದೂ ಹೊಂದುವುದಿಲ್ಲವಲ್ಲ?

ವಿಯೆನ್ನಾ ಕನ್ನಡಿಗ

ಹೊಸ ಓದುಗಿ ಅವರೇ, ಸರಿಯಾದ ಜಾಗಕ್ಕೆ ಬೆರಳಿಟ್ಟಿರಿ. ಹಳೆಯ ಪುಸ್ತಕಗಳು ಹಾಗೆ ಬರೆದವು, ಈಗಿನ ಇತಿಹಾಸಕಾರರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. 1454ರ ಜನವರಿಯಲ್ಲಿ ಎರಡನೇ ಮೆಹ್ಮೆದ್ ಗೆನ್ನಾದಿಯೊಸ್ ಎಂಬ ಸನ್ಯಾಸಿಯನ್ನು ಆರ್ಥೊಡಾಕ್ಸ್ ಚರ್ಚಿನ ಪೀಠಕ್ಕೆ ಏರಿಸಿದ್ದು ನಿಜ. ಆರಿಸಿದ್ದು ಯಾರನ್ನು ನೋಡಿ: ರೋಮಿನ ಪೋಪನ ಜೊತೆ ಕೂಡುವುದನ್ನು ಕಟ್ಟಾ ವಿರೋಧಿಸಿದ್ದವನನ್ನು. ಪಶ್ಚಿಮದಿಂದ ಧರ್ಮಯುದ್ಧದ ದಂಡು ಬಂದರೆ ತನ್ನ ಕ್ರೈಸ್ತ ಪ್ರಜೆಗಳು ಆ ಕಡೆ ವಾಲಬಾರದು ಎಂಬ ಲೆಕ್ಕಾಚಾರ. ಆದರೆ ಸಾಮ್ರಾಜ್ಯದ ಉದ್ದಗಲಕ್ಕೂ ಒಂದೇ ಅಚ್ಚಿನ ಮಿಲ್ಲೆತ್ ವ್ಯವಸ್ಥೆ, ಲಿಖಿತ ನಿಯಮಾವಳಿ, ಎಲ್ಲ ಬಂದದ್ದು 19ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಊರಿಗೊಂದು, ಬಿಷಪ್ಪನಿಗೊಂದು ಫರ್ಮಾನು, ಒಪ್ಪಂದ.

ಇನ್ನು ದೆವ್ಶಿರ್ಮೆಯ ಬಗ್ಗೆ. ನಾನು ಬೋಸ್ನಿಯಾದ ವಿಶೆಗ್ರಾದ್‌ಗೆ ಹೋಗಿದ್ದೆ. ದ್ರೀನಾ ನದಿಯ ಮೇಲೆ ವಾಸ್ತುಶಿಲ್ಪಿ ಸಿನಾನ್ 1570ರ ದಶಕದಲ್ಲಿ ಕಟ್ಟಿದ 11 ಕಮಾನಿನ ಸೇತುವೆ ಇದೆ, ಉದ್ದ ಸುಮಾರು 180 ಮೀಟರ್. ಕಟ್ಟಿಸಿದವನು ಮಹಾವಜೀರ ಸೊಕೊಲ್ಲು ಮೆಹ್ಮೆದ್ ಪಾಶಾ. ಆ ಊರಿನ ಹತ್ತಿರದ ಸರ್ಬಿಯನ್ ಆರ್ಥೊಡಾಕ್ಸ್ ಮನೆಯ ಮಗ, ದೆವ್ಶಿರ್ಮೆಯಲ್ಲಿ ಎಳೆದೊಯ್ದವನು. 1565ರಿಂದ 1579ರವರೆಗೆ ಮೂವರು ಸುಲ್ತಾನರ ಕೈಕೆಳಗೆ ಸಾಮ್ರಾಜ್ಯ ನಡೆಸಿದ. ಅದಕ್ಕೂ ಮುಂಚೆ, 1557ರಲ್ಲಿ, ಅವನು ವಜೀರನಾಗಿದ್ದಾಗಲೇ ಸರ್ಬಿಯನ್ನರ ಪೆಚ್ ಧರ್ಮಪೀಠ ಮತ್ತೆ ಸ್ಥಾಪನೆಯಾಯಿತು, ಮೊದಲು ಅಲ್ಲಿ ಕುಳಿತವನು ಮಕಾರಿಯೆ, ಅವನದೇ ಸಂಬಂಧಿ. ಒಂದೇ ಮನೆತನದಲ್ಲಿ ಒಬ್ಬ ಇಸ್ಲಾಮಿನ ಸಾಮ್ರಾಜ್ಯದ ವಜೀರ, ಇನ್ನೊಬ್ಬ ಕ್ರೈಸ್ತ ಪೀಠಾಧಿಪತಿ.

ಕರಾವಳಿಯವರ ತಾಯಿಯ ಪ್ರಶ್ನೆ ನನ್ನ ತಲೆಯಲ್ಲೂ ಇದೆ. ಸೇತುವೆ ಎಷ್ಟು ಚೆಂದವಿದ್ದರೂ ಆ ತಾಯಿಗೆ ಅದು ಉತ್ತರವಲ್ಲ. ಅದೇ ಸೇತುವೆಯ ಮೇಲೆ 1992ರಲ್ಲಿ ಬೋಸ್ನಿಯಾದ ಮುಸ್ಲಿಮರನ್ನು ಕೊಂದು ನದಿಗೆ ಎಸೆದರು ಎಂಬುದನ್ನೂ ಹೇಳದೆ ಮುಂದೆ ಹೋಗಲಾರೆ. ಅಟೋಮನ್ನರ ಕಾಲದ ಲೆಕ್ಕ ತೀರಿಸುತ್ತಿದ್ದೇವೆ ಎಂದು ಕೊಂದವರು ಹೇಳಿಕೊಂಡರು.

ಇನ್ನೊಂದು ಮಾತು, ಬೋಸ್ನಿಯಾದ ಮುಸ್ಲಿಮ್ ಕುಟುಂಬಗಳು ತಮ್ಮ ಹುಡುಗರನ್ನೂ ದೆವ್ಶಿರ್ಮೆಗೆ ಸೇರಿಸಿಕೊಳ್ಳಿ ಎಂದು ಕೇಳಿ ಅಪ್ಪಣೆ ಪಡೆದವು. ನಿಯಮದ ಪ್ರಕಾರ ಮುಸ್ಲಿಮರನ್ನು ತೆಗೆದುಕೊಳ್ಳುವಂತೆಯೇ ಇರಲಿಲ್ಲ. ಅಧಿಕಾರಕ್ಕೆ ಏರುವ ಮೆಟ್ಟಿಲು ಅದೊಂದೇ ಎಂದು ಅವರು ಕಂಡುಕೊಂಡಿದ್ದರು.

ನೂರ್, ತುಮಕೂರು

ಚರ್ಚೆ ಪೂರ್ತಿ ಮುಸ್ಲಿಮ್, ಮುಸ್ಲಿಮೇತರ ಎಂಬ ಗೆರೆಯ ಮೇಲೆಯೇ ಸಾಗುತ್ತಿದೆ. ಈ ಸಾಮ್ರಾಜ್ಯದಲ್ಲಿ ಅತಿ ಕೆಟ್ಟ ಏಟು ತಿಂದವರಲ್ಲಿ ಮುಸ್ಲಿಮರೇ ಇದ್ದರು ಎಂಬುದನ್ನು ಯಾರಾದರೂ ಹೇಳಬೇಕು.

ಅನಾತೋಲಿಯಾದ, ಅಂದರೆ ಇಂದಿನ ಟರ್ಕಿಯ ಏಷ್ಯಾ ಭಾಗದ, ಕಿಜಿಲ್‌ಬಾಷರು, ಅಂದರೆ ಕೆಂಪು ತಲೆಯುಡುಗೆಯವರು. ಹಜರತ್ ಅಲಿಯ ಭಕ್ತರು, ಇರಾನಿನ ಷಾ ಇಸ್ಮಾಯಿಲನನ್ನು ತಮ್ಮ ಗುರು ಎಂದು ಕಂಡವರು. 1511ರಲ್ಲಿ ಷಾಕುಲು ಎಂಬಾತನ ಹಿಂದೆ ಅವರು ದಂಗೆಯೆದ್ದರು. 1514ರಲ್ಲಿ ಮೊದಲನೇ ಸೆಲೀಮ್ ಚಾಲ್ದಿರಾನ್ ಯುದ್ಧಕ್ಕೆ ಹೊರಡುವ ಮುಂಚೆ ಪಂಡಿತರಿಂದ ಫತ್ವಾ ಬರೆಸಿದ: ಇವರು ಮತಭ್ರಷ್ಟರು, ಇವರನ್ನು ಕೊಲ್ಲುವುದು ಕರ್ತವ್ಯ. ವಕೀಲ್ ಸಾಹೇಬರು ಮೆಚ್ಚಿಕೊಂಡ ಅದೇ ಎಬುಸ್ಸೂದ್ ಮುಂದೆ ಇದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಬರೆದ. ಬಡವರ ಅನ್ನ ಕೆಡಬಾರದು ಎಂದು ಅಷ್ಟು ಮೃದುವಾಗಿ ಯೋಚಿಸಿದ ಮನುಷ್ಯ, ಅಲಿಯ ಹೆಸರು ಹೇಳುವ ಹಳ್ಳಿಗನ ವಿಷಯಕ್ಕೆ ಬಂದಾಗ ಹೀಗೆ. ಕ್ರೈಸ್ತನಿಗೆ ಶರಿಯತ್ತಿನಲ್ಲಿ ಒಂದು ಸ್ಥಾನವಿತ್ತು, ಕೆಳಗಿನದ್ದಾದರೂ ಸ್ಥಾನ. ಕಿಜಿಲ್‌ಬಾಷನಿಗೆ ಅದೂ ಇರಲಿಲ್ಲ. ಅದೇ ಪರಂಪರೆಯ, ಇಂದಿನ ಟರ್ಕಿಯ ಅಲೆವಿಗಳು ಆ ನೆನಪನ್ನು ಹೊತ್ತುಕೊಂಡೇ ಬದುಕುತ್ತಿದ್ದಾರೆ.

ಇದರಲ್ಲಿ ಮತ ಎಷ್ಟು, ರಾಜಕೀಯ ಎಷ್ಟು? ಬೆಕ್ತಾಷಿ ಪಂಥದವರ ನಂಬಿಕೆಗಳೂ ಕಿಜಿಲ್‌ಬಾಷರ ನಂಬಿಕೆಗಳಿಗೆ ಬಹಳ ಹತ್ತಿರ. ಆದರೆ ಅವರು ಜಾನಿಸರಿ ಸೈನಿಕರ ಗುರುಪರಂಪರೆ, ಇರಾನಿನ ಕಡೆ ನೋಡಲಿಲ್ಲ. ಅವರನ್ನು ಶತಮಾನಗಟ್ಟಲೆ ಯಾರೂ ಮುಟ್ಟಲಿಲ್ಲ. 1826ರಲ್ಲಿ ಎರಡನೇ ಮಹಮೂದ್ ಜಾನಿಸರಿಗಳನ್ನು ತೋಪಿನಿಂದ ಹೊಡೆದು ಮುಗಿಸಿದ ಮೇಲೆ, ಬೆಕ್ತಾಷಿಗಳು ದಾರಿತಪ್ಪಿದವರು ಎಂದು ಉಲೇಮಾಗಳಿಗೆ ಹೊಳೆಯಿತು, ಮಠಗಳಿಗೆ ಬೀಗ ಬಿತ್ತು. ಎಷ್ಟೋ ವರ್ಷ ಕಾಣದ ತಪ್ಪು ಆ ವರ್ಷವೇ ಕಂಡದ್ದು ಹೇಗೆ? ಅರಸನಿಗೆ ಬೇಕಾದಾಗ ದೀನಿನ, ಅಂದರೆ ಧರ್ಮದ, ಹೆಸರು ಎತ್ತುವ ಈ ಅಭ್ಯಾಸ ನನಗೆ ನೋವು ಕೊಡುತ್ತದೆ, ಏಕೆಂದರೆ ಅದು ನನ್ನ ದೀನು.

ಕೆಳಗಿನಿಂದ ಬಂದ ಕಟ್ಟುನಿಟ್ಟೂ ಇತ್ತು. 17ನೇ ಶತಮಾನದ ಕಾದಿಜಾದೆಲಿ ಪ್ರವಚನಕಾರರು ಬಿರ್ಗಿವಿಯ ಬರಹ ಓದಿ ಬೆಳೆದವರು. ಸೂಫಿಗಳ ಕುಣಿತ, ದರ್ಗಾಗಳ ಹರಕೆ, ಕಾಫಿ, ತಂಬಾಕು, ಎಲ್ಲ ಬಿದ್ಅತ್, ಹೊಸದಾಗಿ ಸೇರಿಸಿದ ಪಾಪ ಎಂದು ಮಸೀದಿಯ ಪೀಠದಿಂದ ಗುಡುಗಿದರು. 1633ರಲ್ಲಿ ನಾಲ್ಕನೇ ಮುರಾದ್ ಕಾಫಿ ಅಂಗಡಿಗಳನ್ನು ಮುಚ್ಚಿಸಿದ, ತಂಬಾಕು ಸೇದಿದವರನ್ನು ಕೊಲ್ಲಿಸಿದ. ಅಂಗಡಿಗಳಲ್ಲಿ ಕೂತು ಜನ ಅರಸೊತ್ತಿಗೆಯ ಮಾತಾಡುತ್ತಾರೆ ಎಂಬ ಭಯವೂ ಸೇರಿತ್ತು. ಮರುವರ್ಷ ಅದೇ ಮುರಾದ್ ಶೇಖುಲ್ ಇಸ್ಲಾಂ ಪೀಠದಲ್ಲಿದ್ದ ಆಹಿಜಾದೆ ಹುಸೇನನನ್ನೇ ಕೊಲ್ಲಿಸಿದ, ಹಿಂದೆಂದೂ ನಡೆಯದ ಸಂಗತಿ. ಕಾಗದ ಕೊಡುವವನ ಕತ್ತೂ ಅರಸನ ಕೈಯಲ್ಲಿತ್ತು ಮೇಡಂ, ಇದನ್ನೂ ನಿಮ್ಮ ವಾದಕ್ಕೆ ಸೇರಿಸಿಕೊಳ್ಳಬೇಕು.

ಇತಿಹಾಸದ ಮೇಡಂ, ಚಿತ್ರದುರ್ಗ

ಸೇರಿಸಿಕೊಂಡೆ ನೂರ್ ಅವರೇ. ನಾನು ಬರೆದದ್ದರಲ್ಲಿ ಇಲ್ಲದ ಒಂದು ದೊಡ್ಡ ತೂಕ ನೀವು ಕೊಟ್ಟಿದ್ದೀರಿ.

ಬುರುಜಿನ ಮ್ಯಾಲಿನವ, ವಿಜಯಪುರ

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಊರಾಗ ಶೇರ್ಜಾ ಬುರುಜಿನ ಮ್ಯಾಲ ಮಲಿಕ್-ಎ-ಮೈದಾನ ತೋಪು ಅದ, ನೀವು ನೋಡೀರಬೇಕು. 1549ರಾಗ ಅಹ್ಮದನಗರದಾಗ ಎರಕ ಹೊಯ್ದದ್ದು. ಹೊಯ್ದಾಂವ ರೂಮಿ ಅನ್ನಾಂವ, ಅಂದ್ರ ಅಟೋಮನ್ನರ ಸೀಮಿಯಿಂದ ಬಂದ ಕುಶಲಿ. ಆದಿಲಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಖಾನ್ ಅಟೋಮನ್ ಸುಲ್ತಾನ ಎರಡನೇ ಮುರಾದನ ಮಗ, ಕೊಲ್ಲತಾರಂತ ತಾಯಿ ಬಚಾವ್ ಮಾಡಿ ಕಳಿಸಿದ್ಲು ಅಂತ ಚರಿತ್ರೆಕಾರ ಫೆರಿಷ್ತಾ ಬರದಾನ. ಇತಿಹಾಸಕಾರರು ಇದನ್ನ ದಂತಕಥಿ ಅಂತಾರ, ಖರೇ. ಆದ್ರ ಆ ಕಥಿ ಹುಟ್ಟಿದ್ದ್ಯಾಕ? ತಮ್ಮಂದಿರನ್ನ ಕೊಲ್ಲೋ ಆ ಪದ್ಧತಿ ಸುದ್ದಿ ಬಿಜಾಪುರದ ತನಕಾ ಮುಟ್ಟಿತ್ತು ಅಂತ ನನಗ ಅನಸ್ತದ.

ಒಂದು ಫರಕ್ ಹೇಳಬೇಕು. ನಮ್ಮ ಕಡೆ ಯೂಸುಫ್ 1502ರಾಗ ಶಿಯಾ ಮತಾನ ರಾಜ್ಯದ ಮತ ಮಾಡಿದ, ಮೊದಲನೇ ಇಬ್ರಾಹಿಮ್ ಬಂದು ಸುನ್ನಿ ಮಾಡಿದ, ಅವನ ಮಗ ಅಲಿ ತಿರುಗಿ ಶಿಯಾ, ಅಮ್ಯಾಲ ಎರಡನೇ ಇಬ್ರಾಹಿಮ್ ಮತ್ತ ಸುನ್ನಿ. ಮಂದಿ ಅದರ ಜೋಡಿ ಹೊಂದಿಕೊಂಡು ಹೋದ್ರು. ಇಸ್ತಾಂಬುಲದಾಗ ಹಂಗ ಆಗಲಿಲ್ಲ. ಹನಫಿ ಸುನ್ನಿ ಪಂಥ ರಾಜ್ಯದ ಬೆನ್ನೆಲುಬು, ಮದರಸಾದಾಗ ಓದಿ ಪರೀಕ್ಷೆ ದಾಟಿದಾಂವನ ಖಾಜಿ, ಖಾಜಿ ಅಂದ್ರ ಸರಕಾರಿ ಸಂಬಳದ ಶ್ರೇಣಿಯ ನೌಕರ. ಉಲೇಮಾಗಳನ್ನ ಇಷ್ಟು ಪಕ್ಕಾ ಸರಕಾರಿ ಇಲಾಖೆ ಮಾಡಿದ ಮುಸ್ಲಿಮ್ ರಾಜ್ಯ ಅದಕ್ಕೂ ಮೊದಲು ಇರಲಿಲ್ಲ. ನೂರ್ ಸಾಹೇಬ್ರು ಬರದ ಆ ಕಠಿಣತಿಗೂ ಇದೇ ಕಾರಣ ಇರಬೇಕು.

ಕರಾವಳಿ ಓದುಗ

ಎಲ್ಲ ಓದಿದೆ, ತುಂಬ ಕಲಿತದ್ದು ಉಂಟು. ಆದರೆ ಕೊನೆಯ ಪ್ರಶ್ನೆ ಉಳಿಯಿತಲ್ಲ. ಈ ಹೊಂದಾಣಿಕೆ 400 ವರ್ಷ ನಡೆದದ್ದಾದರೆ, 1915ರಲ್ಲಿ ಅರ್ಮೇನಿಯನ್ನರನ್ನು ಸಿರಿಯಾದ ಮರುಭೂಮಿಯ ಕಡೆ ನಡೆಸಿ ಕೊಂದದ್ದು ಹೇಗೆ? ಸತ್ತವರು 6 ಲಕ್ಷದಿಂದ 15 ಲಕ್ಷ ಎಂದು ಅಂದಾಜುಗಳಿವೆ. ಅದಕ್ಕೆ ಇಸ್ಲಾಂ ಕಾರಣವೋ, ಅಲ್ಲವೋ? ನೇರ ಉತ್ತರ ಬೇಕು.

ಇತಿಹಾಸದ ಮೇಡಂ, ಚಿತ್ರದುರ್ಗ

ನೇರವಾಗಿಯೇ ಪ್ರಯತ್ನಿಸುತ್ತೇನೆ, ಸ್ವಲ್ಪ ಹಿಂದಿನಿಂದ ಬರಬೇಕು.

1821ರಲ್ಲಿ ಗ್ರೀಕರು ದಂಗೆಯೆದ್ದಾಗ, ದಂಗೆಯನ್ನು ಖಂಡಿಸಿದ್ದ ಆರ್ಥೊಡಾಕ್ಸ್ ಚರ್ಚಿನ ಪೀಠಾಧಿಪತಿ ಐದನೇ ಗ್ರೆಗೊರಿಯನ್ನು ಈಸ್ಟರ್ ದಿನ ಅವನ ಪೀಠದ ಬಾಗಿಲಿಗೇ ಗಲ್ಲಿಗೇರಿಸಿದರು. ನಿನ್ನ ಜನರಿಗೆ ನೀನು ಹೊಣೆ ಎಂಬ ಹಳೆಯ ಕರಾರು ಅಲ್ಲಿಗೆ ಹರಿಯಿತು. ಆಮೇಲೆ 1839ರ ಗುಲ್‌ಹಾನೆ ಘೋಷಣೆ: ಎಲ್ಲ ಪ್ರಜೆಗಳ ಜೀವ, ಮಾನ, ಆಸ್ತಿಗೆ ರಕ್ಷಣೆ, ಮತ ಯಾವುದೇ ಇರಲಿ. ಗಮನಿಸಬೇಕಾದದ್ದು, ಆ ಘೋಷಣೆ ಶುರುವಾಗುವುದೇ ಶರಿಯತ್ತನ್ನು ಮರೆತದ್ದರಿಂದ ನಾವು ಕ್ಷೀಣಿಸಿದೆವು ಎಂಬ ಮಾತಿನಿಂದ. ಹೊಸದನ್ನು ತರುವಾಗಲೂ ಹಳೆಯ ನುಡಿಗಟ್ಟೇ ಬೇಕಾಯಿತು. 1856ರ ಫರ್ಮಾನಿನಲ್ಲಿ ಅದು ಹೆಚ್ಚುಕಡಿಮೆ ಕಳಚಿಬಿತ್ತು: ನೇರ ಸಮಾನತೆ, ನೌಕರಿಯಲ್ಲೂ ಸೈನ್ಯದಲ್ಲೂ. ಜಿಜಿಯಾ ಹೋಗಿ, ಸೈನ್ಯಕ್ಕೆ ಸೇರದಿದ್ದರೆ ಕೊಡುವ ತೆರಿಗೆ ಬಂತು.

ಆ ದಿನದ ಜನರ ಮಾತುಗಳನ್ನು ಮಂತ್ರಿಯೂ ವಿದ್ವಾಂಸನೂ ಆದ ಅಹ್ಮದ್ ಜೆವ್ದೆತ್ ಪಾಶಾ ಬರೆದಿಟ್ಟಿದ್ದಾನೆ. ಅಪ್ಪ ಅಜ್ಜಂದಿರು ರಕ್ತ ಸುರಿಸಿ ಗಳಿಸಿದ ಹಕ್ಕನ್ನು ಇಂದು ಕಳಕೊಂಡೆವು ಎಂದು ಮುಸ್ಲಿಮರು ಗೋಳಾಡಿದರಂತೆ. ಗ್ರೀಕರಲ್ಲಿ ಕೆಲವರ ಗೊಣಗು ಇನ್ನೊಂದು ಬಗೆ: ಮುಸ್ಲಿಮರು ನಮಗಿಂತ ಮೇಲಿದ್ದರೆ ಒಪ್ಪಿಕೊಂಡಿದ್ದೆವು, ಈಗ ಸರ್ಕಾರ ನಮ್ಮನ್ನು ಯಹೂದಿಗಳ ಸಾಲಿಗೆ ತಂದು ನಿಲ್ಲಿಸಿತಲ್ಲ! ಈ ಎರಡು ಮಾತು ಓದಿದಾಗ ನನಗೆ ಆ ಸಮಾಜದ ಒಳಗಟ್ಟು ಅರ್ಥವಾಯಿತು. ಎಲ್ಲರಿಗೂ ಒಂದು ಜಾಗ, ಒಂದೊಂದು ಜಾಗ ಒಂದೊಂದು ಎತ್ತರದಲ್ಲಿ. ತನ್ನ ಕೆಳಗೆ ಯಾರೋ ಇದ್ದಾರೆ ಎಂಬ ಸಮಾಧಾನದ ಮೇಲೆ ನಿಂತ ನೆಮ್ಮದಿ ಅದು.

ಸಮಾನತೆಯ ಮಾತು ಬಂತು, ಜಾರಿ ಮಾಡುವ ಶಕ್ತಿ ಸರ್ಕಾರಕ್ಕಿರಲಿಲ್ಲ. ರಷ್ಯಾ ಆರ್ಥೊಡಾಕ್ಸರ ಪರ, ಫ್ರಾನ್ಸ್ ಕ್ಯಾಥೊಲಿಕರ ಪರ ನಿಂತು ಒಳಗೆ ಕೈಹಾಕಿದವು. ಕಾಕಸಸ್‌ನಿಂದ, ಬಾಲ್ಕನ್‌ನಿಂದ ಲಕ್ಷಗಟ್ಟಲೆ ಮುಸ್ಲಿಮ್ ನಿರಾಶ್ರಿತರು ಮನೆಮಠ ಕಳೆದುಕೊಂಡು ಅನಾತೋಲಿಯಾಕ್ಕೆ ಬಂದರು. ಎರಡನೇ ಅಬ್ದುಲ್ ಹಮೀದ್ ಸುಲ್ತಾನನಿಗಿದ್ದ ಖಲೀಫ, ಅಂದರೆ ಮುಸ್ಲಿಮರೆಲ್ಲರ ನಾಯಕ, ಎಂಬ ಪದವಿಗೆ ಒತ್ತುಕೊಟ್ಟು ಮುಸ್ಲಿಮರನ್ನು ಒಟ್ಟುಗೂಡಿಸಲು ಹೊರಟ. ಅವನ ಕಾಲದಲ್ಲೇ, 1894ರಿಂದ 1896ರವರೆಗೆ, ಅರ್ಮೇನಿಯನ್ನರ ಮೊದಲ ದೊಡ್ಡ ಹತ್ಯಾಕಾಂಡಗಳು ನಡೆದವು. 1915ರಲ್ಲಿ ಆಜ್ಞೆ ಕೊಟ್ಟವರು ಆಗ ಅಧಿಕಾರದಲ್ಲಿದ್ದ ಯೂನಿಯನ್ ಅಂಡ್ ಪ್ರೋಗ್ರೆಸ್ ಪಕ್ಷದ ನಾಯಕರು. ಅವರಿಗೆ ಬೇಕಾಗಿದ್ದದ್ದು ಟರ್ಕಿಷ್ ರಾಷ್ಟ್ರ, ಶರಿಯತ್ತಿನ ರಾಜ್ಯವಲ್ಲ. ಆದರೆ ಕೊಲ್ಲಲು, ಆಸ್ತಿ ದೋಚಲು ಊರವರನ್ನು ಹುರಿದುಂಬಿಸುವಾಗ ಮತದ ಮಾತು ಬಳಸಿದರು, ಅದು ಕೆಲಸವನ್ನೂ ಮಾಡಿತು. ಸಾವಿರಾರು ಹೆಂಗಸರನ್ನು, ಮಕ್ಕಳನ್ನು ಮತಾಂತರಿಸಿ ಮನೆಗಳಲ್ಲಿ ಇಟ್ಟುಕೊಂಡರು. ಹಾಗಾಗಿ ಇಸ್ಲಾಮಿಗೆ ಸಂಬಂಧವೇ ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಸ್ಲಾಮೇ ಕಾರಣ ಎನ್ನಲೂ ಬರುವುದಿಲ್ಲ, ಏಕೆಂದರೆ ಶರಿಯತ್ತಿನ ಪ್ರಕಾರ ಆ ಪ್ರಜೆಗಳ ಪ್ರಾಣ ರಾಜ್ಯದ ಹೊಣೆಯಾಗಿತ್ತು. ಕೊನ್ಯಾದ ಗವರ್ನರ್ ಜೆಲಾಲ್ ಬೇ ಅರ್ಮೇನಿಯನ್ನರ ಸಾಗಾಟವನ್ನು ಆದಷ್ಟು ತಡೆದು ಹುದ್ದೆ ಕಳೆದುಕೊಂಡ. ಮೆಕ್ಕಾದ ಷರೀಫ್ ಹುಸೇನ್ ಅರ್ಮೇನಿಯನ್ನರನ್ನು ರಕ್ಷಿಸಿ ಎಂದು ತನ್ನ ಕಡೆಯವರಿಗೆ ಬರೆದ.

ಜೆಸಿ ನಗರ

ಬೆಂಗಳೂರಿನಿಂದ ಒಂದು ಸೇರ್ಪಡೆ. ನಮ್ಮ ಬಡಾವಣೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ, ದಿನಾ ಅದರ ಪಕ್ಕ ಓಡಾಡುವವರಿಗೂ ಕಥೆ ಗೊತ್ತಿಲ್ಲ. 1914ರ ನವೆಂಬರಿನಲ್ಲಿ ಶೇಖುಲ್ ಇಸ್ಲಾಮನ ಫತ್ವಾ ಓದಿಸಿ ಸುಲ್ತಾನ ಜಿಹಾದ್ ಘೋಷಿಸಿದ, ಬ್ರಿಟನ್, ಫ್ರಾನ್ಸ್, ರಷ್ಯಾದ ಕೈಕೆಳಗಿನ ಮುಸ್ಲಿಮರು ಎದ್ದು ನಿಲ್ಲಲಿ ಎಂದು. ಹೆಚ್ಚಿನವರು ಏಳಲಿಲ್ಲ. ಹೈದರಾಬಾದಿನ ನಿಜಾಮ ಬ್ರಿಟಿಷರಿಗೆ ನಿಷ್ಠರಾಗಿರಿ ಎಂದು ಪ್ರಕಟಣೆ ಹೊರಡಿಸಿದ. 1916ರಲ್ಲಿ ಮೆಕ್ಕಾದ ಷರೀಫನೇ ಖಲೀಫನ ವಿರುದ್ಧ ದಂಗೆಯೆದ್ದ. 1918ರ ಸೆಪ್ಟೆಂಬರ್ 23ರಂದು ಅಟೋಮನ್ನರ ಕೈಯಿಂದ ಹೈಫಾ ಪಟ್ಟಣವನ್ನು ಬಿಡಿಸಿದ್ದು ಜೋಧಪುರ ಮತ್ತು ಮೈಸೂರಿನ ಕುದುರೆ ಸವಾರರು.

ಅದಾದ ಮೇಲೆ, 1920ರ ಆಗಸ್ಟಿನಲ್ಲಿ, ಅದೇ ಖಲೀಫನ ಪದವಿ ಉಳಿಸಬೇಕೆಂದು ಗಾಂಧೀಜಿ ಮತ್ತು ಶೌಕತ್ ಅಲಿ ಮಂಗಳೂರಿಗೆ ಬಂದು ಭಾಷಣ ಮಾಡಿದರು. ಅದಕ್ಕೂ ಬಹಳ ಹಿಂದೆ ಟಿಪ್ಪು ಸುಲ್ತಾನ್ ತನ್ನ ಅರಸೊತ್ತಿಗೆಗೆ ಖಲೀಫನ ಮನ್ನಣೆ ಬೇಕೆಂದು 1786ರಲ್ಲಿ ದೊಡ್ಡ ರಾಯಭಾರ ಕಳಿಸಿದ್ದ. ಇಷ್ಟು ದೂರದವರಿಗೆ ಬೇಕಾಗಿದ್ದ ಪದವಿಯನ್ನು 1924ರ ಮಾರ್ಚ್ 3ರಂದು ತೆಗೆದುಹಾಕಿದ್ದು ಅಂಕಾರಾದ ಸಂಸತ್ತೇ.

ಹೊಸ ಓದುಗಿ

ಹಾಗಾದರೆ ಇದರಲ್ಲಿ ಈಗ ಏನಾದರೂ ಉಳಿದಿದೆಯೇ? ಟರ್ಕಿ ಸ್ವಿಸ್ ಮಾದರಿಯ ಸಿವಿಲ್ ಕಾನೂನು ತಂದುಕೊಂಡಿತು ಎಂದು ಓದಿದ್ದೇನೆ.

ಕಪ್ಪು ಕೋಟು

ಟರ್ಕಿಯಲ್ಲಿ ಇಲ್ಲ, 1926ರಲ್ಲೇ ಬದಲಾಯಿತು. ಹೊರಗೆ ಇದೆ. ಮೇಡಂ ಹೇಳಿದ ಜೆವ್ದೆತ್ ಪಾಶಾನ ಮುಂದಾಳತ್ವದಲ್ಲಿ 1869ರಿಂದ 1876ರವರೆಗೆ ಹನಫಿ ನ್ಯಾಯಶಾಸ್ತ್ರವನ್ನು ಯುರೋಪಿನ ಸಂಹಿತೆಯ ಹಾಗೆ ಕಲಮು ಕಲಮಾಗಿ ಜೋಡಿಸಿದರು: ಮೆಜೆಲ್ಲೆ, 16 ಭಾಗ, 1,851 ಕಲಮು. ಕ್ರಯ, ಬಾಡಿಗೆ, ಜಾಮೀನು, ಸಾಕ್ಷ್ಯದಂಥ ವ್ಯವಹಾರದ ಕಾನೂನು, ಎಲ್ಲ ಮತದವರಿಗೂ ಒಂದೇ. ಸಾಮ್ರಾಜ್ಯ ಹೋದ ಮೇಲೂ ಪ್ಯಾಲೆಸ್ಟೀನ್, ಜೋರ್ಡಾನ್, ಕುವೈತ್‌ಗಳಲ್ಲಿ ಅದು ದಶಕಗಟ್ಟಲೆ ಜಾರಿಯಲ್ಲಿತ್ತು.

ಮದುವೆ ವಿಚ್ಛೇದನವನ್ನು ಮೆಜೆಲ್ಲೆ ಮುಟ್ಟಲಿಲ್ಲ, ಅದನ್ನು ಆಯಾ ಮತದ ಕೋರ್ಟುಗಳಿಗೇ ಬಿಟ್ಟಿತು. ಪ್ಯಾಲೆಸ್ಟೀನಿಗೆ ಬ್ರಿಟಿಷರು ಬಂದರು, ಅದನ್ನು ಹಾಗೆಯೇ ಇಟ್ಟುಕೊಂಡರು. 1948ರಲ್ಲಿ ಇಸ್ರೇಲ್ ಆಯಿತು, ಅದೂ ಹಾಗೆಯೇ ಇಟ್ಟುಕೊಂಡಿತು. ಇಂದು ಹೈಫಾದಲ್ಲಿ ಯಹೂದಿ ದಂಪತಿಗಳ ಮದುವೆ ನೋಂದಾಯಿಸಿಕೊಳ್ಳುವುದು ರಬ್ಬಿಗಳ ಕಚೇರಿ, ಮುಸ್ಲಿಮರದ್ದು ಶರಿಯಾ ಕೋರ್ಟು, ಕ್ರೈಸ್ತರದ್ದು ಅವರವರ ಚರ್ಚು. ಬೇರೆ ಬೇರೆ ಮತದ ಇಬ್ಬರು ಮದುವೆಯಾಗಬೇಕೆಂದರೆ ಹೆಚ್ಚಾಗಿ ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬಂದು ಇಸ್ರೇಲಿನಲ್ಲಿ ದಾಖಲಿಸಿಕೊಳ್ಳುತ್ತಾರೆ. ಲೆಬನಾನಿನವರೂ ಅದನ್ನೇ ಮಾಡುತ್ತಾರೆ.